ಫ್ರೆಂಚ್ ತಳಿಗಳ ವೈನ್ ರುಚಿ ನೋಡುವುದು, ಕನ್ನಡದಲ್ಲಿ ಹೇಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಏಳೆಂಟು ಮಂದಿ ಬೆಂಗಳೂರಿನಲ್ಲಿ ತಿಂಗಳಿಗೊಂದು ಸಂಜೆ ಸೇರಿ ನಾಲ್ಕು ಬಾಟಲಿ ತೆರೆಯುತ್ತೇವೆ. ಮೂಸಿ, ಗುಟುಕರಿಸಿ, ಅನ್ನಿಸಿದ್ದನ್ನು ಕನ್ನಡದಲ್ಲೇ ಬರೆದಿಡುತ್ತೇವೆ. ಹೊಸದಾಗಿ ಬಂದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ನಾನು ಕೊಡುವ ಉತ್ತರಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಫ್ರಾನ್ಸಿನ ದ್ರಾಕ್ಷಿ ತಳಿಗಳನ್ನೇ ಹಿಡಿದದ್ದು ಯಾಕೆಂದರೆ ಕ್ಯಾಬರ್ನೇ, ಮೆರ್ಲೋ, ಸಿರಾ, ಶಾರ್ಡೊನೇ, ಸೋವಿನ್ಯೋನ್ ಬ್ಲಾಂ, ಶೆನಿನ್ ಬ್ಲಾಂ ಈಗ ಚಿಲಿಯಿಂದ ನಾಸಿಕದವರೆಗೆ ಬೆಳೆಯುತ್ತವೆ. ಇವುಗಳ ಗುರುತು ಹತ್ತಿದರೆ ಅಂಗಡಿಯ ಕಪಾಟಿನಲ್ಲಿರುವ ಅರ್ಧಕ್ಕರ್ಧ ಬಾಟಲಿಗಳು ಪರಿಚಿತವಾಗುತ್ತವೆ.

ಕುಡಿಯುವುದಕ್ಕೂ ರುಚಿ ನೋಡುವುದಕ್ಕೂ ಏನು ವ್ಯತ್ಯಾಸ?

ಗಮನ. ಸಾರು ಕುದಿಯುವಾಗ ಉಪ್ಪು ಹದವಾಗಿದೆಯೇ ಎಂದು ಅಂಗೈಗೆ ಎರಡು ಹನಿ ಹಾಕಿಕೊಂಡು ನೆಕ್ಕುವವರ ಮುಖ ನೋಡಿ. ಮಾತು ನಿಂತಿರುತ್ತದೆ, ಕಣ್ಣು ಅರೆ ಮುಚ್ಚಿರುತ್ತದೆ. ವೈನ್‌ಗೂ ಅಷ್ಟೇ ಬೇಕಾಗಿರುವುದು. ಮನೆಯಲ್ಲಿ ಅಡುಗೆ ಮಾಡುವವರು ಈ ವಿದ್ಯೆಯನ್ನು ಬೇಗ ಕಲಿಯುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಯಾವ ಗ್ಲಾಸ್? ಎಷ್ಟು ಸುರಿಯಬೇಕು? ಎಷ್ಟು ತಣ್ಣಗಿರಬೇಕು?

ಹೊಟ್ಟೆ ಅಗಲ, ಬಾಯಿ ಕಿರಿದು ಇರುವ ಗ್ಲಾಸ್. ಕಂಪು ಒಳಗೇ ಕೂಡಿಕೊಂಡು ಮೂಗಿಗೆ ಸಿಗಬೇಕು. ರುಚಿ ನೋಡಲೆಂದೇ 1977ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್ಒ ಒಂದು ಗ್ಲಾಸಿನ ಅಳತೆಯನ್ನು ಗೊತ್ತುಮಾಡಿದೆ. ಹೆಚ್ಚು ಬೆಲೆಯದಲ್ಲ, ನಾಲ್ಕು ಇಟ್ಟುಕೊಂಡರೆ ಸಾಕು. ಅದರಲ್ಲಿ 50 ಮಿ.ಲೀ. ಸುರಿಯಿರಿ. ತುಂಬಿಸಿದರೆ ತಿರುಗಿಸಲು ಜಾಗವಿರುವುದಿಲ್ಲ.

ಬಿಳಿ ವೈನ್ 8ರಿಂದ 12 ಡಿಗ್ರಿ, ಕೆಂಪು 15ರಿಂದ 18 ಡಿಗ್ರಿ. ಕೆಂಪು ವೈನನ್ನು ಕೋಣೆಯ ಉಷ್ಣದಲ್ಲೇ ಕೊಡಬೇಕು ಎಂಬ ಮಾತು ಯುರೋಪಿನ ತಣ್ಣನೆಯ ಮನೆಗಳಿಂದ ಬಂದದ್ದು. ಏಪ್ರಿಲ್ ತಿಂಗಳ ಬೆಂಗಳೂರಿನಲ್ಲೋ ಕಲಬುರಗಿಯಲ್ಲೋ ಅದನ್ನು ಪಾಲಿಸಿದರೆ ಮೂಗಿಗೆ ಆಲ್ಕೋಹಾಲಿನ ಘಾಟು ಬಿಟ್ಟು ಬೇರೇನೂ ಬರುವುದಿಲ್ಲ. ಕೆಂಪು ಬಾಟಲಿಯನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಬಿಳಿಯದನ್ನು ಕುಡಿಯುವ ಹತ್ತು ನಿಮಿಷ ಮುಂಚೆ ಹೊರಗೆ ತೆಗೆಯಿರಿ. ಬಹಳ ತಣ್ಣಗಿದ್ದರೆ ಕಂಪು ಏಳುವುದಿಲ್ಲ.

ಪಕ್ಕದಲ್ಲಿ ಊದುಬತ್ತಿ ಬೇಡ, ಮಲ್ಲಿಗೆ ದಂಡೆ ಬೇಡ, ಸೆಂಟು ಬೇಡ.

ಬಣ್ಣ ನೋಡಿ ಏನು ತಿಳಿಯುತ್ತದೆ?

ಗ್ಲಾಸನ್ನು ಬಿಳಿ ಕಾಗದದ ಮೇಲೆ ಓರೆಯಾಗಿ ಹಿಡಿದು ಅಂಚು ನೋಡಿ. ಕೆಂಪು ವೈನ್ ಎಳೆಯದಾಗಿದ್ದರೆ ಅಂಚು ನೇರಳೆ. ವರ್ಷ ಕಳೆದಂತೆ ಬಣ್ಣ ತಿಳಿಯಾಗುತ್ತಾ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ಬಿಳಿಯದು ಉಲ್ಟಾ. ಎಳೆಯದು ತಿಳಿ ಹಸಿರು ಹಳದಿ, ಹಳೆಯದಾದಂತೆ ಗಾಢ ಹೊನ್ನು. ಸಿಪ್ಪೆ ತೆಳುವಾದ ಕೆಂಪು ತಳಿ ಪಿನೋ ನ್ವಾರ್‌ನಲ್ಲಿ ಗ್ಲಾಸಿನ ಹಿಂದಿನ ಅಕ್ಷರ ಓದಬಹುದು. ಸಿರಾದಲ್ಲಿ ಸಾಮಾನ್ಯವಾಗಿ ಆಗುವುದಿಲ್ಲ.

ಇಷ್ಟು ತಿಳಿದುಕೊಂಡು ಬಣ್ಣವನ್ನು ಮರೆತುಬಿಡಿ. ಕಣ್ಣು ಮೂಗಿಗೆ ಸುಳ್ಳು ಹೇಳಿಕೊಡುತ್ತದೆ. ಫ್ರಾನ್ಸಿನ ಬೋರ್ಡೋದ ಸಂಶೋಧಕರು ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ, ವೈನ್ ವಿದ್ಯೆ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಕೊಟ್ಟರು. 2001ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ, ಅದೇ ಬಿಳಿ ವೈನನ್ನು ವಿದ್ಯಾರ್ಥಿಗಳು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ವರ್ಣಿಸಿದ್ದರು. ಇದನ್ನು ಓದಿದ ಮೇಲೆ ನಮ್ಮ ಮೇಜಿನಲ್ಲಿ ಮೊದಲ ಸುತ್ತು ಕಣ್ಣು ಮುಚ್ಚಿಯೇ ಮೂಸುತ್ತೇವೆ.

ಗ್ಲಾಸಿನ ಒಳಗೋಡೆಯಲ್ಲಿ ಇಳಿಯುವ ಹನಿಗಳು ದಪ್ಪವಿದ್ದರೆ ಒಳ್ಳೆಯ ವೈನಾ?

ಅಲ್ಲ. ಆಲ್ಕೋಹಾಲ್ ನೀರಿಗಿಂತ ಬೇಗ ಆವಿಯಾಗುವುದರಿಂದ ಮೇಲ್ಮೈ ಸೆಳೆತ ಏರುಪೇರಾಗಿ ದ್ರವ ಮೇಲಕ್ಕೇರಿ ಹನಿಯಾಗಿ ಇಳಿಯುತ್ತದೆ. 1855ರಲ್ಲೇ ಜೇಮ್ಸ್ ಥಾಮ್ಸನ್ ಇದನ್ನು ವಿವರಿಸಿದ್ದರು. ಆಲ್ಕೋಹಾಲ್ ಎಷ್ಟಿರಬಹುದು ಎಂಬ ಅಂದಾಜು ಸಿಗುತ್ತದೆ, ಗುಣದ ಅಂದಾಜು ಸಿಗುವುದಿಲ್ಲ.

ಎಲ್ಲರೂ ಬ್ಲ್ಯಾಕ್‌ಕರೆಂಟ್, ಗೂಸ್‌ಬೆರಿ ಅನ್ನುತ್ತಾರೆ. ನನ್ನ ಮೂಗಿಗೆ ಅದ್ಯಾವುದೂ ಸಿಗುವುದಿಲ್ಲ. ತಪ್ಪು ನನ್ನದೇ?

ಇಲ್ಲ. ತಿನ್ನದೇ ಇರುವ ಹಣ್ಣನ್ನು ಮೂಗು ನೆನಪಿಸಿಕೊಳ್ಳುವುದಾದರೂ ಹೇಗೆ? ಫ್ರಾನ್ಸಿನ ಹಳ್ಳಿ ಮನೆಯಲ್ಲಿ ಬೆಳೆದವರಿಗೆ ಬ್ಲ್ಯಾಕ್‌ಕರೆಂಟ್ ಜಾಮ್ ಅಜ್ಜಿಯ ಕೈಯಿಂದ ಬಂದಿರುತ್ತದೆ, ಆದ್ದರಿಂದ ಕ್ಯಾಬರ್ನೇ ಮೂಸಿದ ಕೂಡಲೇ ಆ ಹೆಸರು ನಾಲಗೆಗೆ ಬರುತ್ತದೆ. ನಮಗೆ ನೇರಳೆ ಹಣ್ಣು ಇದೆ. ಜೂನ್ ತಿಂಗಳಲ್ಲಿ ಮರದ ಕೆಳಗೆ ಬಿದ್ದು ಒಡೆದ ಹಣ್ಣಿನ ಕಂಪು, ತಿಂದ ಮೇಲೆ ನೀಲಿಯಾಗುವ ನಾಲಗೆ, ಕೊನೆಗೆ ಉಳಿಯುವ ಒಗರು. ಎಳೆಯ ಕ್ಯಾಬರ್ನೇಗೆ ಇದಕ್ಕಿಂತ ಹತ್ತಿರದ ಮಾತನ್ನು ನಾನು ಕಂಡಿಲ್ಲ.

ಹಾಗೆಂದು ಬಾಯಿಗೆ ಬಂದದ್ದೆಲ್ಲ ಸರಿ ಎಂದೂ ಅಲ್ಲ. ನೀವು ಹೇಳಿದ ಮಾತು ಕೇಳಿದ ಪಕ್ಕದವರು ಮತ್ತೊಮ್ಮೆ ಮೂಸಿ "ಹೌದಲ್ಲ!" ಅನ್ನಬೇಕು. ಆ ಒಪ್ಪಿಗೆ ಬರದಿದ್ದರೆ ಇನ್ನೊಂದು ಮಾತು ಹುಡುಕಬೇಕು. ನಾನು ಕಟ್ಟುನಿಟ್ಟಾಗಿ ಇಟ್ಟುಕೊಂಡಿರುವ ಲೆಕ್ಕ ಹೀಗಿದೆ: ಹುಳಿ, ಒಗರು, ಆಲ್ಕೋಹಾಲ್, ಸಿಹಿ, ಮೈ (ಬಾಯಲ್ಲಿ ಆಗುವ ತೂಕ) ಇವು ವೈನಿನಲ್ಲಿರುವ ಗುಣಗಳು, ಇವುಗಳ ವಿಷಯದಲ್ಲಿ ಪ್ಯಾರಿಸ್ಸಿನವರಿಗೂ ಪುತ್ತೂರಿನವರಿಗೂ ಒಂದೇ ಉತ್ತರ ಬರಬೇಕು. ಹಣ್ಣು, ಹೂವು, ಮಸಾಲೆಯ ಹೆಸರುಗಳು ನಿಮ್ಮ ನೆನಪಿನವು, ಅಲ್ಲಿ ನಿಮ್ಮ ಊರಿನ ಮಾತೇ ಬರಲಿ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಆನ್ ನೋಬಲ್ ಅವರು ವಾಸನೆಗಳನ್ನು ಗುಂಪು ಮಾಡಿ ಒಂದು ಚಕ್ರ ರಚಿಸಿದರು. ಹಣ್ಣು, ಹೂವು, ಸೊಪ್ಪು, ಮಸಾಲೆ, ಮಣ್ಣು ಹೀಗೆ ಒಳಗಿನಿಂದ ಹೊರಗೆ ಹೋಗುವ ಚಕ್ರ. ಆ ಗುಂಪುಗಳನ್ನು ಇಟ್ಟುಕೊಳ್ಳಿ, ಹೊರ ಸುತ್ತಿನ ಹೆಸರುಗಳನ್ನು ನೀವೇ ತುಂಬಿ.

ಮೆಣಸು, ಬೆಣ್ಣೆ, ಬಾಳೆಹಣ್ಣು ಇವನ್ನೆಲ್ಲ ವೈನಿಗೆ ಹಾಕಿರುತ್ತಾರಾ?

ಹಾಕುವುದಿಲ್ಲ. ದ್ರಾಕ್ಷಿ, ಹುದುಗು, ಪೀಪಾಯಿ ಈ ಮೂರರಿಂದಲೇ ಎಲ್ಲ ಬರುತ್ತದೆ. ದೊಣ್ಣೆ ಮೆಣಸಿನಕಾಯಿ ಹೆಚ್ಚುವಾಗ ಬರುವ ಹಸಿರು ವಾಸನೆಗೆ ಕಾರಣವಾದ ಪೈರಜೀನ್ ಎಂಬ ವಸ್ತು ಕ್ಯಾಬರ್ನೇ ದ್ರಾಕ್ಷಿಯಲ್ಲೂ ಇದೆ. ಬಾಳೆಹಣ್ಣಿನ ಕಂಪು ಕೊಡುವ ಎಸ್ಟರ್ ಎಂಬ ವಸ್ತು ಹುದುಗುವಾಗ ಹುಟ್ಟುತ್ತದೆ. ಬೋಜೊಲೇ ಪ್ರಾಂತದ ಗಮೇ ದ್ರಾಕ್ಷಿಯ ಎಳೆ ವೈನಿನಲ್ಲಿ ಅದು ಮೂಗಿಗೆ ಹೊಡೆಯುವಷ್ಟಿರುತ್ತದೆ. ವೆನಿಲಾ, ಒಣಕೊಬ್ಬರಿ, ಲವಂಗದ ಕಂಪು ಬಂದರೆ ಓಕ್ ಮರದ ಪೀಪಾಯಿಯಲ್ಲಿ ಇಟ್ಟಿದ್ದರೆಂದು ತಿಳಿಯಬಹುದು.

ಕೆಂಪು ವೈನ್ ಕುಡಿದರೆ ಬಾಯಿ ಒಣಗಿದ ಹಾಗೆ ಆಗುತ್ತದೆ. ಅದೇ ಟ್ಯಾನಿನ್ನಾ?

ಅದೇ. ಇದಕ್ಕೆ ಕನ್ನಡದಲ್ಲಿರುವಂಥ ಮಾತು ಎಷ್ಟೋ ಭಾಷೆಗಳಲ್ಲಿ ದಿನಬಳಕೆಯಲ್ಲಿಲ್ಲ: ಒಗರು. ಮಲೆನಾಡಿನವರಿಗೆ ಇನ್ನೂ ಚೆನ್ನಾಗಿ ಗೊತ್ತು. ಹಸಿ ಅಡಿಕೆ ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಕೆಂಪು ಚೊಗರು ಇದೆಯಲ್ಲ, ಅದರಲ್ಲಿರುವುದೂ ಟ್ಯಾನಿನ್. ದ್ರಾಕ್ಷಿಯ ಸಿಪ್ಪೆ, ಬೀಜ, ತೊಟ್ಟುಗಳಲ್ಲಿ ಇದು ಇರುತ್ತದೆ. ಕೆಂಪು ವೈನನ್ನು ಸಿಪ್ಪೆಯ ಜೊತೆಗೇ ಹುದುಗಿಸುವುದರಿಂದ ಟ್ಯಾನಿನ್ ಇಳಿಯುತ್ತದೆ. ಬಿಳಿ ವೈನಿಗೆ ರಸವನ್ನು ಮೊದಲೇ ಹಿಂಡಿ ತೆಗೆಯುವುದರಿಂದ ಒಗರು ಕಡಿಮೆ. ಬಾಯಿಯೊಳಗೆ ಅದು ಎಂಜಲಿನ ಪ್ರೋಟೀನಿಗೆ ಅಂಟಿಕೊಂಡು ಜಾರುವ ಗುಣ ಕಸಿಯುತ್ತದೆ, ಆಗ ನಾಲಗೆ ಒಸಡಿಗೆ ಉಜ್ಜಿದಂತಾಗುತ್ತದೆ. ಕಡುಚಹಾಕ್ಕೆ ಹಾಲು ಬೆರೆಸಿದರೆ ಒಗರು ಇಳಿಯುವುದೂ ಇದೇ ಕಾರಣಕ್ಕೆ: ಟ್ಯಾನಿನ್ ಹಾಲಿನ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ.

ಹೊಸಬರು ಒಗರನ್ನೂ ಹುಳಿಯನ್ನೂ ಕಲಸಿಬಿಡುತ್ತಾರೆ. ಪರೀಕ್ಷೆ ಸುಲಭ. ಗುಟುಕು ನುಂಗಿದ ಮೇಲೆ ತಲೆ ತುಸು ಬಗ್ಗಿಸಿ ಸುಮ್ಮನಿರಿ. ದವಡೆಯ ಒಳಗಿನಿಂದ ನೀರೂರಿದರೆ ಹುಳಿ, ಹುಣಸೆಹಣ್ಣು ನೆನೆದಾಗ ಊರುವಂತೆ. ಬಾಯಿ ಬಿಗಿದರೆ ಒಗರು. ಎರಡೂ ಒಟ್ಟಿಗೆ ಇರಬಹುದು.

ಒಗರಿನಲ್ಲೂ ಬಗೆಗಳಿವೆ. ಬಾಳೆಕಾಯಿ ಕಚ್ಚಿದಂಥ ಒರಟು ಒಗರು, ನೆಲ್ಲಿಕಾಯಿಯ ಚುರುಕು ಒಗರು, ಮಾಗಿದ ನೇರಳೆಯ ಮೆತ್ತನೆಯ ಒಗರು. "ಒಗರಿದೆ" ಎಂದು ಬರೆದು ನಿಲ್ಲಬೇಡಿ, ಯಾವ ಒಗರು ಎಂದು ಬರೆಯಿರಿ.

"ಮೈ" ಎಂದರೆ?

ಬಾಯಲ್ಲಿ ಆಗುವ ತೂಕ. ನೀರುಮಜ್ಜಿಗೆಯ ತೂಕವೇ, ಹಾಲಿನದ್ದೇ, ಕೆನೆಹಾಲಿನದ್ದೇ? ಈ ಮೂರರಲ್ಲಿ ಒಂದನ್ನು ಹೇಳಿದರೆ ಸಾಕು.

ಕ್ಯಾಬರ್ನೇ ಸೋವಿನ್ಯೋನ್, ಮೆರ್ಲೋ ಎರಡನ್ನೂ ಬೇರೆ ಮಾಡುವುದು ಹೇಗೆ?

ಇವೆರಡೂ ಬೋರ್ಡೋದಲ್ಲಿ ಒಂದೇ ಬಾಟಲಿಗೆ ಬೀಳುವ ತಳಿಗಳು, ಆದ್ದರಿಂದ ಗೊಂದಲ ಸಹಜ. ಜಿರೋಂಡ್ ನದಿಯ ಎಡದಂಡೆಯ ಮೆಡಾಕ್‌ನಲ್ಲಿ ನೆಲ ಜಲ್ಲಿಕಲ್ಲಿನದು. ನೀರು ಬಸಿದುಹೋಗುತ್ತದೆ, ಕಲ್ಲು ಬಿಸಿಲನ್ನು ಹಿಡಿದಿಡುತ್ತದೆ, ತಡವಾಗಿ ಹಣ್ಣಾಗುವ ಕ್ಯಾಬರ್ನೇಗೆ ಅದು ಬೇಕು. ಬಲದಂಡೆಯ ಪೊಮೆರೋಲ್, ಸೇಂಟ್ ಎಮಿಲಿಯೋನ್ ಕಡೆ ಜೇಡಿಮಣ್ಣು ಹೆಚ್ಚು. ಆ ತಂಪು ನೆಲದಲ್ಲೂ ಬೇಗ ಹಣ್ಣಾಗುವ ಮೆರ್ಲೋಗೆ ಅಲ್ಲಿ ಮೇಲುಗೈ.

ಗ್ಲಾಸಿನಲ್ಲಿ ಕ್ಯಾಬರ್ನೇ ನೆಟ್ಟಗೆ ನಿಲ್ಲುತ್ತದೆ: ಬಿಗಿಯಾದ ಒಗರು, ಎದ್ದು ಕಾಣುವ ಹುಳಿ, ನೇರಳೆ, ಜೊತೆಗೆ ದೊಣ್ಣೆ ಮೆಣಸಿನಕಾಯಿಯ ಹಸಿರು, ಹಳೆಯದಾದರೆ ಪೆನ್ಸಿಲ್ ಕೆತ್ತಿದ ವಾಸನೆ. ಮೆರ್ಲೋ ದುಂಡಗಿದೆ: ಮಾಗಿದ ಪ್ಲಮ್, ಮೆತ್ತನೆಯ ಒಗರು, ನಾಲಗೆಯ ನಡುವಿನಲ್ಲಿ ತುಂಬಿಕೊಳ್ಳುವ ರುಚಿ. ಕ್ಯಾಬರ್ನೇಯ ಆ ಹಸಿರು ವಾಸನೆ ವಂಶದಿಂದ ಬಂದದ್ದು. 1997ರಲ್ಲಿ ಡೇವಿಸ್‌ನಲ್ಲಿ ನಡೆದ ಡಿಎನ್ಎ ಪರೀಕ್ಷೆಯಿಂದ, ಕೆಂಪು ಕ್ಯಾಬರ್ನೇ ಫ್ರಾಂ ಮತ್ತು ಬಿಳಿ ಸೋವಿನ್ಯೋನ್ ಬ್ಲಾಂ ತಳಿಗಳ ಮಿಲನದಿಂದ ಹುಟ್ಟಿದ್ದೇ ಕ್ಯಾಬರ್ನೇ ಸೋವಿನ್ಯೋನ್ ಎಂದು ಗೊತ್ತಾಯಿತು. ಮೂರನ್ನೂ ಪಕ್ಕಪಕ್ಕ ಇಟ್ಟು ಮೂಸಿದರೆ ಒಂದೇ ಮನೆಯವರೆಂದು ಮೂಗಿಗೇ ತಿಳಿಯುತ್ತದೆ. ನನ್ನ ಮಟ್ಟಿಗೆ ಇದು ಮೊದಲ ವರ್ಷದಲ್ಲೇ ಮಾಡಬೇಕಾದ ಅಭ್ಯಾಸ.

ಪಿನೋ ನ್ವಾರ್ ನೀರಿನಂತೆ ಕಾಣುತ್ತದೆ. ಅದಕ್ಕೆ ಅಷ್ಟು ಬೆಲೆ ಏಕೆ?

ಬೆಲೆಯ ಮಾತು ನೆಲದ ಮಾತು. ಫ್ರಾನ್ಸಿನ ಬರ್ಗಂಡಿ ಪ್ರಾಂತದ ಹೆಸರಾಂತ ರೊಮಾನೇ ಕೋಂತಿ ತೋಟದ ವಿಸ್ತಾರ 2 ಹೆಕ್ಟೇರಿಗೂ ಕಡಿಮೆ. ಪ್ರಪಂಚವೆಲ್ಲ ಕೇಳುತ್ತದೆ, ತೋಟ ಬೆಳೆಯುವುದಿಲ್ಲ. ರುಚಿಗೆ ಬಂದರೆ, ತೆಳು ಬಣ್ಣ ನೋಡಿ ಮೋಸಹೋಗಬೇಡಿ. ಎಳೆಯದರಲ್ಲಿ ಸ್ಟ್ರಾಬೆರಿ, ಚೆರ್ರಿ ಇರುತ್ತವೆ. ವಯಸ್ಸಾದ ಪಿನೋ ಮೂಸಿದಾಗ ನನಗೆ ಕಾಣುವುದು ಕೊಡಗಿನ ತೋಟ: ಮಳೆ ನಿಂತ ಬೆಳಿಗ್ಗೆ, ಕಾಲಡಿ ಕೊಳೆಯುತ್ತಿರುವ ತರಗೆಲೆ, ಎಲ್ಲೋ ಅಣಬೆ ಎದ್ದಿದೆ. ಈ ಕಂಪಿಗೆ ಅವರೆಕಾಯಿಗೆ ಹೇಳುವ "ಸೊಗಡು" ಎಂಬ ಮಾತನ್ನು ನಾವು ಬಳಸುತ್ತೇವೆ.

ಸಿರಾ, ಶಿರಾಜ್ ಬೇರೆ ಬೇರೆನಾ?

ಒಂದೇ ದ್ರಾಕ್ಷಿ. ಮೂಲ ಫ್ರಾನ್ಸಿನ ರೋನ್ ಕಣಿವೆ. ಅಲ್ಲಿನ ಎರ್ಮಿತಾಜ್, ಕೋತ್ ರೋತಿ ಗುಡ್ಡಗಳ ಕೆಂಪು ಇದೇ. ಆಸ್ಟ್ರೇಲಿಯಾದವರು ಶಿರಾಜ್ ಎಂದು ಕರೆದರು. ಭಾರತದಲ್ಲಿ ಲೇಬಲ್ ಮೇಲೆ ಹೆಚ್ಚಾಗಿ ಆ ಹೆಸರೇ ಇರುತ್ತದೆ.

ನಮ್ಮ ಮೇಜಿಗೆ ಒಮ್ಮೆ ಶಿರಸಿ ಕಡೆಯ ಹಿರಿಯರೊಬ್ಬರು ಮಗನ ಜೊತೆ ಬಂದಿದ್ದರು. ಕುಡಿಯುವವರಲ್ಲ. "ಮೂಸಿ ನೋಡಲೇನು ಅಡ್ಡಿ" ಎಂದು ರೋನ್ ಕಣಿವೆಯ ಸಿರಾ ಇದ್ದ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಮೂಗಿಗೆ ಒಯ್ದರು. ಬಹಳ ಹೊತ್ತು ಇಳಿಸಲಿಲ್ಲ. ನಂತರ ನನ್ನ ಕಡೆ ತಿರುಗಿ, "ತಮಾ, ಇದು ಕಾಳುಮೆಣಸು. ಡಬ್ಬಿಯಲ್ಲಿರೋ ಒಣ ಮೆಣಸಲ್ಲ, ಕೊಯ್ದು ತಂದು ಕಾಳು ಬಿಡಿಸುವಾಗ ಅಂಗೈಗೆ ಹತ್ತತ್ತಲ, ಆ ವಾಸನೆ" ಎಂದರು. ಅಂಗೈ ತಾವೇ ಒಮ್ಮೆ ಮೂಸಿಕೊಂಡರು. ಆವತ್ತು ಮೇಜಿನ ಸುತ್ತ ಇದ್ದವರೆಲ್ಲ ಮತ್ತೊಮ್ಮೆ ಗ್ಲಾಸ್ ಎತ್ತಿದೆವು. ಎಷ್ಟೋ ವರ್ಷ "ಮೆಣಸಿನ ಪರಿಮಳ" ಎಂದು ಬರೆಯುತ್ತಿದ್ದ ನನಗೆ, ಹಸಿ ಮೆಣಸು ಮತ್ತು ಒಣ ಮೆಣಸಿನ ವ್ಯತ್ಯಾಸ ಅಂದು ಹೊಳೆಯಿತು.

ಅವರ ಮೂಗು ಹಿಡಿದದ್ದಕ್ಕೆ ವಿಜ್ಞಾನದ ಬೆಂಬಲವೂ ಇದೆ. 2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಶಿರಾಜ್‌ನಲ್ಲಿ ಮೆಣಸಿನ ವಾಸನೆಗೆ ಕಾರಣವಾದ ರೊಟುಂಡೋನ್ ಎಂಬ ವಸ್ತುವನ್ನು ಗುರುತಿಸಿದರು. ಅದು ಕಾಳುಮೆಣಸಿನಲ್ಲಿ ಇರುವುದೇ. ಕೆಂಪು ವೈನಿನಲ್ಲಿ ಲೀಟರಿಗೆ 16 ನ್ಯಾನೋಗ್ರಾಂ ಇದ್ದರೂ ಮೂಗಿಗೆ ಸಿಗುತ್ತದೆ. ಆದರೆ ಸುಮಾರು ಐವರಲ್ಲಿ ಒಬ್ಬರಿಗೆ ಬಹಳ ಹೆಚ್ಚಿದ್ದರೂ ಸಿಗುವುದಿಲ್ಲ. ನಿಮಗೆ ಸಿರಾದಲ್ಲಿ ಮೆಣಸು ಕಾಣದಿದ್ದರೆ ಬೇಸರಪಡಬೇಡಿ, ಅದು ನಿಮ್ಮ ತಪ್ಪಲ್ಲ.

ಶಾರ್ಡೊನೇ ಒಮ್ಮೆ ನಿಂಬೆಯಂತೆ, ಒಮ್ಮೆ ಬೆಣ್ಣೆಯಂತೆ. ಯಾವುದು ಅಸಲಿ?

ಎರಡೂ. ಶಾರ್ಡೊನೇಗೆ ಸ್ವಂತ ಕಂಪು ಕಡಿಮೆ. ಎಲ್ಲಿ ಬೆಳೆಯಿತು, ಯಾರು ಮಾಡಿದರು ಎಂಬುದನ್ನು ತೋರಿಸುವ ದ್ರಾಕ್ಷಿ ಅದು. ಬರ್ಗಂಡಿಯ ಉತ್ತರ ತುದಿಯ ಚಳಿ ಊರು ಶಾಬ್ಲಿಯಲ್ಲಿ ಮಾಡಿದ್ದು ನಿಂಬೆ, ಹಸಿರು ಸೇಬು, ಒದ್ದೆ ಕಲ್ಲು. ಅಲ್ಲಿಂದ ದಕ್ಷಿಣಕ್ಕೆ ಬಂದು ಮರ್ಸೋ ಊರಿನದು ಮೂಸಿದರೆ ಬೆಣ್ಣೆ, ಹುರಿದ ಗೋಡಂಬಿ. ಹುದುಗು ಮುಗಿದ ಮೇಲೆ ಬ್ಯಾಕ್ಟೀರಿಯಾಗಳು ಹಸಿರು ಸೇಬಿನ ಚೂಪು ಹುಳಿಯನ್ನು ಮೊಸರಿನ ಮೆದು ಹುಳಿಯಾಗಿ ಬದಲಿಸುತ್ತವೆ. ಆಗ ಹುಟ್ಟುವ ಡಯಾಸಿಟೈಲ್ ಎಂಬ ವಸ್ತುವೇ ಬೆಣ್ಣೆಯ ಕಂಪಿನಲ್ಲೂ ಇರುವುದು. ಮೊಸರು ಕಡೆದು ಬೆಣ್ಣೆ ತೆಗೆದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೀಪಾಯಿಯ ವಾಸನೆ ಹಣ್ಣನ್ನು ಮುಚ್ಚಿಹಾಕಿದ ಶಾರ್ಡೊನೇ ನನಗೆ ಸೇರುವುದಿಲ್ಲ, ಎಷ್ಟೇ ಬೆಲೆಯದಾಗಲಿ.

ಸೋವಿನ್ಯೋನ್ ಬ್ಲಾಂ, ಶೆನಿನ್ ಬ್ಲಾಂ ಎರಡೂ ಹುಳಿ ಬಿಳಿ ವೈನ್. ಗುರುತು ಹೇಗೆ?

ಮೂಗಿನಿಂದಲೇ. ಸೋವಿನ್ಯೋನ್ ಎದುರಿಗೆ ಬಂದು ನಿಲ್ಲುತ್ತದೆ: ಕಡಿದ ಹುಲ್ಲು, ಚಕ್ಕೋತ, ಸೀಬೆಹಣ್ಣು. ಸೀಬೆ ಎಂದದ್ದು ಸುಮ್ಮನೆ ಅಲ್ಲ, ಗಂಧಕ ಬೆರೆತ ಥಯಾಲ್ ಎಂಬ ಕೆಲವು ವಸ್ತುಗಳು ಎರಡರಲ್ಲೂ ಇವೆ. ಲುವಾರ್ ನದಿ ತೀರದ ಪುಯಿ ಫ್ಯುಮೆ ಎಂಬ ಹೆಸರಿನ ಸೋವಿನ್ಯೋನ್‌ಗೆ ಫ್ರೆಂಚರು ಬಂದೂಕಿನ ಕಲ್ಲಿನ ವಾಸನೆ ಎನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ಚಕಮಕಿ ಕಲ್ಲು ಇದೆ. ಎರಡು ಬೆಣಚುಕಲ್ಲು ಉಜ್ಜಿ ಕಿಡಿ ಹಾರಿಸಿದ ಮಕ್ಕಳಿಗೆಲ್ಲ ಆ ವಾಸನೆ ಗೊತ್ತು.

ಶೆನಿನ್ ಸಂಕೋಚದ್ದು. ಅದೇ ಲುವಾರ್‌ನ ವೂವ್ರೇಯಲ್ಲಿ ಒಣದು (ಎಂದರೆ ಸಿಹಿ ಇಲ್ಲದ್ದು), ಸಿಹಿ, ನೊರೆ ಬರುವುದು ಎಲ್ಲವನ್ನೂ ಈ ಒಂದೇ ದ್ರಾಕ್ಷಿಯಿಂದ ಮಾಡುತ್ತಾರೆ. ಮಾಗಿದ ಸೇಬು, ಪೇರ್, ಜೇನು ಮೂಗಿಗೆ ಬಂದು, ಬಾಯಿಗೆ ಹಾಕಿದ ಕೂಡಲೇ ಬಲವಾದ ಹುಳಿ ಸಿಕ್ಕರೆ ಶೆನಿನ್ ಎಂದು ಊಹಿಸಿ.

ಹೂವಿನ ಕಂಪೇ ಬೇಕೆಂದರೆ ವಿಯೋನಿಯೇ ಎಂಬ ಬಿಳಿ ತಳಿ ಹುಡುಕಿ. ರೋನ್‌ನ ಕೋಂದ್ರಿಯೂ ಎಂಬ ಊರು ಅದರ ತವರು. ಏಪ್ರಿಕಾಟ್ ಎಂದು ಬರೆಯುವ ಕಡೆಯಲ್ಲೆಲ್ಲ ನಾನು ಸಂಪಿಗೆ ಎಂದು ಬರೆದಿದ್ದೇನೆ, ಯಾರೂ ಇದುವರೆಗೆ ತಕರಾರು ಎತ್ತಿಲ್ಲ.

ಹಣ್ಣಿನ ವಾಸನೆ ಇದ್ದರೆ ಸಿಹಿ ವೈನಾ?

ಮೂಗು ಮುಚ್ಚಿ ಒಂದು ಗುಟುಕು ಕುಡಿಯಿರಿ. ಆಗಲೂ ನಾಲಗೆಗೆ ಸಿಹಿ ಹತ್ತಿದರೆ ಸಕ್ಕರೆ ಇದೆ. ಮಾಯವಾದರೆ ಅದು ಮೂಗಿನ ಸಿಹಿ.

ಫ್ರೆಂಚ್ ಬಾಟಲಿಯ ಮೇಲೆ ದ್ರಾಕ್ಷಿಯ ಹೆಸರೇ ಇಲ್ಲವಲ್ಲ?

ಅವರು ಊರಿನ ಹೆಸರು ಹಾಕುತ್ತಾರೆ. ಯಾವ ಊರಿಗೆ ಯಾವ ತಳಿ ಎಂಬ ನಿಯಮವಿದೆ. ಬ್ಯಾಡಗಿ ಎಂದರೆ ಮೆಣಸಿನಕಾಯಿ ಎಂದು ನಮಗೆ ಗೊತ್ತಿರುವಂತೆ, ಶಾಬ್ಲಿ ಎಂದರೆ ಶಾರ್ಡೊನೇ. ಬಿಳಿ ಸಾನ್ಸೇರ್ ಎಂದರೆ ಸೋವಿನ್ಯೋನ್ ಬ್ಲಾಂ, ಕೆಂಪು ಸಾನ್ಸೇರ್ ಎಂದರೆ ಪಿನೋ ನ್ವಾರ್.

ನಂದಿ ಬೆಟ್ಟದ ವೈನಿನಲ್ಲೂ ಈ ತಳಿಗಳ ಗುಣ ಸಿಗುತ್ತದೆಯೇ?

ಸಿಗುತ್ತದೆ, ಬೇರೆ ದನಿಯಲ್ಲಿ. ದೊಡ್ಡಬಳ್ಳಾಪುರದ ಬಳಿ ಗ್ರೋವರ್ ಕುಟುಂಬ 1980ರ ದಶಕದ ಕೊನೆಯಲ್ಲಿ ಫ್ರೆಂಚ್ ತಳಿಗಳನ್ನು ಬೆಳೆಸಲು ಶುರುಮಾಡಿತು. ಬೋರ್ಡೋದ ಸಲಹೆಗಾರ ಮಿಷೆಲ್ ರೋಲಾಂ ಕೂಡ ಅಲ್ಲಿಗೆ ಮಾರ್ಗದರ್ಶನ ಮಾಡಿದ್ದಾರೆ. ನಮ್ಮಲ್ಲಿ ಬಳ್ಳಿಗೆ ಚಳಿಗಾಲದ ನಿದ್ರೆ ಇಲ್ಲ. ವರ್ಷಕ್ಕೆ ಎರಡು ಸಲ ಚಾಟನಿ (ಬಳ್ಳಿ ಕತ್ತರಿಸುವುದು) ಮಾಡಿ ಒಂದೇ ಬೆಳೆ ತೆಗೆಯುತ್ತಾರೆ, ಕೊಯ್ಲು ಬೇಸಿಗೆಯ ಆರಂಭದಲ್ಲಿ. ಬಿಸಿಲಿಗೆ ಹಣ್ಣು ಹೆಚ್ಚು ಮಾಗುತ್ತದೆ, ಹುಳಿ ಬೇಗ ಇಳಿಯುತ್ತದೆ. ಅದೇ ಸುತ್ತಿನಲ್ಲಿ ಬೆಳೆಯುವ ಬೆಂಗಳೂರು ಬ್ಲೂ ಬೇರೆಯೇ ಜಾತಿಯದು, ಅಮೆರಿಕದ ಕುಲಕ್ಕೆ ಸೇರಿದ್ದು. ಅದರ ಗಾಢ ಜ್ಯೂಸ್ ವಾಸನೆ ಒಮ್ಮೆ ಮೂಗಿಗೆ ಕೂತರೆ, ಫ್ರೆಂಚ್ ತಳಿಗಳಲ್ಲಿ ಏನಿಲ್ಲ ಎಂಬುದು ತಕ್ಷಣ ತಿಳಿಯುತ್ತದೆ.

ವೈನ್ ಕೆಟ್ಟಿದೆ ಎಂದು ಹೇಗೆ ಗೊತ್ತಾಗುತ್ತದೆ?

ಮಳೆಗಾಲದಲ್ಲಿ ಬೀರುವಿನೊಳಗಿನ ರಟ್ಟಿನ ಡಬ್ಬಿ ತೆರೆದಾಗ ಬರುವ ಮುಗ್ಗಲು ವಾಸನೆ ಬಂದರೆ ಕಾರ್ಕ್ ಕೆಟ್ಟಿದೆ. ಇದು ಗಾಳಿಗಿಟ್ಟರೂ ಹೋಗುವುದಿಲ್ಲ. ಉಗುರಿಗೆ ಹಚ್ಚುವ ಬಣ್ಣದ ಘಾಟು ಅಥವಾ ವಿನೆಗರ್ ಮೂಗಿಗೆ ಹೊಡೆದರೆ ಬ್ಯಾಕ್ಟೀರಿಯಾ ಕೈಯಾಡಿಸಿದೆ. ಎಳೆಯ ಬಿಳಿ ವೈನ್ ಕಂದಾಗಿ, ಕತ್ತರಿಸಿಟ್ಟ ಸೇಬಿನ ವಾಸನೆ ಬಂದರೆ ಗಾಳಿ ಹೊಕ್ಕಿದೆ. ಒಮ್ಮೆ ಒಂದು ಹೋಟೆಲಿನಲ್ಲಿ ಮುಗ್ಗಿದ ಬಾಟಲಿಯನ್ನು ಹಿಂದಿರುಗಿಸಲು ಹೋದಾಗ "ಇದು ಹಳೆಯ ವೈನಿನ ಸ್ವಭಾವ" ಎಂದು ಸಾಧಿಸಿದರು. ಹಾಗೆ ಹೇಳಿದರೆ ಒಪ್ಪಬೇಡಿ. ಅದೇ ಬ್ರಾಂಡಿನ ಇನ್ನೊಂದು ಬಾಟಲಿ ತೆರೆಸಿ, ಎರಡನ್ನೂ ಅವರಿಂದಲೇ ಮೂಸಿಸಿ.

ಉಗುಳಲೇಬೇಕೇ?

ನಾಲ್ಕಕ್ಕಿಂತ ಹೆಚ್ಚು ವೈನ್ ನೋಡುವುದಿದ್ದರೆ ಹೌದು. ವೃತ್ತಿಯವರೆಲ್ಲ ಉಗುಳುತ್ತಾರೆ, ಅದರಲ್ಲಿ ನಾಚಿಕೆಯಿಲ್ಲ. ಗಾಡಿ ಓಡಿಸಿಕೊಂಡು ಬಂದವರಿಗೆ ನಮ್ಮ ಮೇಜಿನಲ್ಲಿ ಪೀಕದಾನಿ ಕಡ್ಡಾಯ. ರುಚಿಯ ಬಹುಪಾಲು ಬಾಯಿಯ ಹಿಂಭಾಗದಿಂದ ಮೂಗಿಗೆ ಏರುವ ಆವಿಯಲ್ಲಿದೆ, ಉಗುಳಿದರೂ ಅದು ಸಿಕ್ಕೇ ಸಿಗುತ್ತದೆ.

ಟಿಪ್ಪಣಿ ಹೇಗೆ ಬರೆಯಬೇಕು? ಒಂದು ಮಾದರಿ ಕೊಡಿ.

ಮೊದಲು ಮೂಗು, ಆಮೇಲೆ ಬಾಯಿ, ಕೊನೆಗೆ ರುಚಿ ಎಷ್ಟು ಹೊತ್ತು ಉಳಿಯಿತು. "ಚೆನ್ನಾಗಿದೆ", "ಅದ್ಭುತ" ಬೇಡ. ಸದ್ದುಮಾಡುವ ವಿಶೇಷಣಕ್ಕಿಂತ ಒಂದು ಹಣ್ಣಿನ ಹೆಸರು ಹೆಚ್ಚು ಹೇಳುತ್ತದೆ. ನನ್ನ ಪುಸ್ತಕದಿಂದ, ಆ ಶಿರಸಿಯ ಹಿರಿಯರು ಮೂಸಿದ ಸಿರಾಗೆ ಆವತ್ತೇ ಬರೆದದ್ದು:

"ಅಂಚು ಇನ್ನೂ ನೇರಳೆ. ಮೊದಲು ಹಸಿ ಕಾಳುಮೆಣಸು, ಬಿಡಿಸಿದ ಅಂಗೈ ವಾಸನೆ. ಹತ್ತು ನಿಮಿಷ ಬಿಟ್ಟರೆ ನೇರಳೆ ಹಣ್ಣು, ಸ್ವಲ್ಪ ಹೊಗೆ, ಹಂಚಿನ ಮೇಲೆ ಬಾಡಿಸಿದ ಬಾಳೆ ಎಲೆ. ಹುಳಿ ಚೆನ್ನಾಗಿದೆ, ದವಡೆಯಲ್ಲಿ ನೀರೂರಿತು. ಒಗರು ನೆಲ್ಲಿಕಾಯಿಯದು, ಒಸಡಿನ ಮೇಲೆ. ಮೈ ಹಾಲಿನಷ್ಟು. ನುಂಗಿ ಇಪ್ಪತ್ತು ಎಣಿಸುವವರೆಗೂ ಮೆಣಸು ಹೋಗಲಿಲ್ಲ."